ಮನೆಯೂ ಇದೆ, ದಾರಿಯೂ ಇದೆ, ವಿಳಾಸ ಸಿಗುತ್ತಿಲ್ಲ



ಈ ತಿಂಗಳು ನಿಮ್ಮ ಮುಂದಿಡುತ್ತಿರುವುದು ಮಲೆನಾಡಿನ ಒಬ್ಬ ಸಹೋದರಿಯ ಸಮಸ್ಯೆ. ಅವರ ಮನೆ ನರಸಿಂಹರಾಜಪುರದಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ಮಗ್ಗುಲಲ್ಲಿದೆ. ಪತಿ ಗಲ್ಫ್‌ನಲ್ಲಿ ದುಡಿಯುತ್ತಿದ್ದಾರೆ. ಮಗಳು ಕೊಪ್ಪದಲ್ಲಿ ಪಿಯುಸಿ ಓದುತ್ತಿದ್ದಾಳೆ. ಕಳೆದ ಮಳೆಗಾಲದಲ್ಲಿ ಒಂದು ದಿನ ಗಾಳಿಗೆ ಮರ ಬಿದ್ದು ಕರೆಂಟು ಹೋಯಿತು. ಮೂರನೆಯ ದಿನ ಕರೆಂಟು ಬಂತು, ಮೋಡೆಮ್‌ನ ದೀಪಗಳೂ ಹಸಿರಾಗಿ ಉರಿದವು. ಆದರೆ ಕಂಪ್ಯೂಟರಿನಲ್ಲಿ ಯಾವ ಜಾಲತಾಣವೂ ತೆರೆಯಲಿಲ್ಲ. ಏನು ಟೈಪ್ ಮಾಡಿದರೂ ‘ದಿಸ್ ಸೈಟ್ ಕಾಂಟ್ ಬಿ ರೀಚ್ಡ್’ ಎಂಬ ಒಂದೇ ಉತ್ತರ. ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ ‘ಡಿಎನ್‌ಎಸ್’ ಎಂದು ಏನೋ ಬರೆದಿತ್ತು. ಮಗಳ ವಿದ್ಯಾರ್ಥಿವೇತನದ ಅರ್ಜಿ ಹಾಕಲು ಉಳಿದಿದ್ದದ್ದು ನಾಲ್ಕೇ ದಿನ. ಮೊಬೈಲ್ ಸಿಗ್ನಲ್ ಸಿಗುವುದು ಅಂಗಳದ ಒಂದು ಮೂಲೆಯಲ್ಲಿ ಮಾತ್ರ, ಅದೂ ಮಳೆ ನಿಂತಾಗ.

ಗಾಬರಿಗೊಂಡ ಅವರು ಕಂಪ್ಯೂಟರನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿ ಸುತ್ತಿ ಬಸ್ಸಿನಲ್ಲಿ ಪೇಟೆಯ ರಿಪೇರಿ ಅಂಗಡಿಗೆ ಒಯ್ದರು. “ವಿಂಡೋಸ್ ಹಾಳಾಗಿದೆ, ಫಾರ್ಮ್ಯಾಟ್ ಮಾಡಬೇಕು” ಎಂದರು ಅಲ್ಲಿದ್ದವರು. ಎರಡು ದಿನ ಬಿಟ್ಟು ಹೋದಾಗ ಅಂಗಡಿಯಲ್ಲಿ ಎಲ್ಲ ಜಾಲತಾಣಗಳೂ ಚೆನ್ನಾಗಿಯೇ ತೆರೆದವು. ದುಡ್ಡು ಕೊಟ್ಟು ಮನೆಗೆ ತಂದು ಜೋಡಿಸಿದರೆ ಮತ್ತೆ ಅದೇ ಸಂದೇಶ! ಅರ್ಜಿಯನ್ನು ಕೊನೆಯ ದಿನ ಕೊಪ್ಪದಲ್ಲಿ ಗೆಳತಿಯೊಬ್ಬಳ ಮೊಬೈಲಿನಿಂದ ಹೇಗೋ ಹಾಕಿದ್ದಾಯಿತು. ಆದರೆ ಫಾರ್ಮ್ಯಾಟ್ ಮಾಡಿದ ಹಾರ್ಡ್‌ಡಿಸ್ಕಿನಲ್ಲಿ ಎಂಟು ವರ್ಷಗಳ ಫೋಟೊಗಳಿದ್ದವು. ತೀರಿಹೋದ ಅತ್ತೆಯವರು ಮೊಮ್ಮಗಳಿಗೆ ಕಥೆ ಹೇಳಿ ಮಲಗಿಸುತ್ತಿದ್ದುದನ್ನು ಒಮ್ಮೆ ರೆಕಾರ್ಡ್ ಮಾಡಿಟ್ಟಿದ್ದರು, ಅದೂ ಅಲ್ಲೇ ಇತ್ತು.

ಆ ಸಹೋದರಿ ಪತ್ರದ ಕೊನೆಯಲ್ಲಿ ಹೀಗೆ ಬರೆದಿದ್ದಾರೆ: “ಮಾಮಿಯ ಧ್ವನಿ ಹೋಯಿತು ಎಂದು ನನ್ನವರಿಗೆ ಇನ್ನೂ ಹೇಳಿಲ್ಲ. ಕಂಪ್ಯೂಟರಿಗೆ ನಿಜವಾಗಿ ಏನಾಗಿತ್ತು? ಈಗಲೂ ವಾರಕ್ಕೆರಡು ಸಲ ಹಾಗೇ ಆಗುತ್ತದೆ. ನಾನು ಏನು ಮಾಡಬೇಕು?”

ಉತ್ತರ ಕೇಳಿದರೆ ಅವರಿಗೆ ಇನ್ನಷ್ಟು ನೋವಾದೀತು. ಆದರೂ ಹೇಳಲೇಬೇಕು. ಆ ಕಂಪ್ಯೂಟರಿಗೆ ಏನೂ ಆಗಿರಲಿಲ್ಲ. ಐದು ನಿಮಿಷದ ಕೆಲಸಕ್ಕೆ ಇಡೀ ಮನೆಯನ್ನೇ ಖಾಲಿ ಮಾಡಿಸಿದಂತಾಯಿತು. ಇನ್ನೊಂದು ಮನೆಯಲ್ಲಿ ಹೀಗಾಗಬಾರದು ಎಂಬ ಕಾರಣಕ್ಕೆ ಈ ಲೇಖನ.

ಹೆಸರು ಬೇರೆ, ವಿಳಾಸ ಬೇರೆ

ಪತ್ರದ ಮೇಲೆ ಬರೀ ‘ಕೊಪ್ಪ’ ಎಂದು ಬರೆದು ಅಂಚೆಗೆ ಹಾಕಿದರೆ ಅದು ಎಲ್ಲಿಗೆ ಹೋಗಬೇಕು? ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ ಒಂದು. ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನಲ್ಲಿ ಇನ್ನೊಂದು ಕೊಪ್ಪ ಇದೆ. ಕುಶಾಲನಗರದ ಪಕ್ಕದಲ್ಲಿ, ಪಿರಿಯಾಪಟ್ಟಣ ತಾಲೂಕಿನಲ್ಲಿ ಮತ್ತೊಂದಿದೆ. ಈ ಗೊಂದಲ ಬೇಡವೆಂದೇ 1972ರಲ್ಲಿ ಅಂಚೆ ಇಲಾಖೆ ಪಿನ್‌ಕೋಡ್ ತಂದಿತು. ನಮ್ಮ ಕೊಪ್ಪ 577126, ನರಸಿಂಹರಾಜಪುರ 577134, ಶೃಂಗೇರಿ 577139. ಹೆಸರು ಜನರ ನಾಲಿಗೆಗೆ ಸುಲಭ, ಸಂಖ್ಯೆ ಅಂಚೆಚೀಲ ವಿಂಗಡಿಸುವವರಿಗೆ ಸುಲಭ.

ಅಂತರ್ಜಾಲದಲ್ಲೂ ಹೀಗೆಯೇ. ಪ್ರತಿಯೊಂದು ಜಾಲತಾಣವೂ ಎಲ್ಲೋ ಒಂದು ಕಂಪ್ಯೂಟರಿನಲ್ಲಿ ನೆಲೆಸಿರುತ್ತದೆ. ಆ ಕಂಪ್ಯೂಟರಿಗೆ 8.8.8.8 ಎಂಬಂತೆ ಚುಕ್ಕೆಗಳಿಂದ ಬೇರ್ಪಟ್ಟ ಸಂಖ್ಯೆಯ ವಿಳಾಸ ಇರುತ್ತದೆ. ಇದೇ ಐಪಿ ವಿಳಾಸ. ನಾವು ಹೆಸರನ್ನು ಟೈಪ್ ಮಾಡುತ್ತೇವೆ. ನಮ್ಮ ಕಂಪ್ಯೂಟರು ಮೊದಲು ಆ ಹೆಸರಿನ ಸಂಖ್ಯೆ ಯಾವುದೆಂದು ವಿಚಾರಿಸಿ, ಆಮೇಲೆ ಆ ಸಂಖ್ಯೆಯ ಮನೆಗೆ ಹೋಗುತ್ತದೆ. ಹೀಗೆ ವಿಚಾರಿಸಿ ತಿಳಿಯುವ ವ್ಯವಸ್ಥೆಗೆ ಡೊಮೈನ್ ನೇಮ್ ಸಿಸ್ಟಮ್, ಅಂದರೆ ಡಿಎನ್‌ಎಸ್ ಎಂದು ಹೆಸರು.

ಮೊದಲು ಇಂಥ ವ್ಯವಸ್ಥೆ ಇರಲಿಲ್ಲ. 1970ರ ದಶಕದಲ್ಲಿ ಅಮೆರಿಕದ ಜಾಲದಲ್ಲಿದ್ದ ಎಲ್ಲ ಕಂಪ್ಯೂಟರುಗಳ ಹೆಸರು ಮತ್ತು ಸಂಖ್ಯೆ ಒಂದೇ ಒಂದು ಕಡತದಲ್ಲಿ ಇರುತ್ತಿತ್ತು. ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಎಂಬ ಮಹಿಳೆಯ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಹೊಸ ಹೆಸರು ಸೇರಿಸಬೇಕಾದರೆ ಅವರ ಕಚೇರಿಗೇ ತಿಳಿಸಬೇಕಿತ್ತು. ಕಂಪ್ಯೂಟರುಗಳು ಹೆಚ್ಚಾದಂತೆ ಒಂದು ಕಡತದಲ್ಲಿ ಇದು ನಿಭಾಯಿಸುವ ಕೆಲಸವಲ್ಲ ಎಂದಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬ ವಿಜ್ಞಾನಿ ಈಗಿನ ಡಿಎನ್‌ಎಸ್ ವ್ಯವಸ್ಥೆಯನ್ನು ರೂಪಿಸಿದರು. ಅದರಂತೆ ಒಬ್ಬರ ಬಳಿಯೇ ಎಲ್ಲ ಹೆಸರೂ ಇರಬೇಕಾಗಿಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಭಾಗವನ್ನು ನೋಡಿಕೊಂಡರೆ ಸಾಕು.

ಇಲ್ಲಿ ಒಂದು ಸ್ವಾರಸ್ಯವಿದೆ. ಜಾಲತಾಣದ ಹೆಸರನ್ನು ನಾವು ಎಡದಿಂದ ಓದುತ್ತೇವೆ. ಆದರೆ ಡಿಎನ್‌ಎಸ್ ಅದನ್ನು ಅರಬಿ, ಉರ್ದುವಿನಂತೆ ಬಲದಿಂದ ಎಡಕ್ಕೆ ಓದುತ್ತದೆ. ರಾಜ್ಯ ಸರಕಾರದ ‘ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್’ ಎಂಬ ಹೆಸರನ್ನು ತೆಗೆದುಕೊಳ್ಳಿ. ಮೊದಲು ಬೇರಿನ ಸರ್ವರುಗಳನ್ನು ಕೇಳಬೇಕು. ಜಗತ್ತಿನಲ್ಲಿ ಇವು 13 ಹೆಸರುಗಳಲ್ಲಿವೆ, ಅವುಗಳ ಪ್ರತಿರೂಪಗಳು ಸಾವಿರಕ್ಕೂ ಹೆಚ್ಚು ಕಡೆ ಇವೆ. ಅವು ‘ಇನ್’ ಎಂಬ ಭಾರತದ ಹೆಸರನ್ನು ನೋಡಿಕೊಳ್ಳುವವರ ಕಡೆಗೆ ಕೈತೋರಿಸುತ್ತವೆ. ಅವರು ‘ಜಿಒವಿ’ ಎಂಬ ಸರಕಾರಿ ವಿಭಾಗದ ಕಡೆಗೆ ಕಳಿಸುತ್ತಾರೆ. ಅಲ್ಲಿ ‘ಕರ್ನಾಟಕ’ದ ಸಂಖ್ಯೆ ಸಿಗುತ್ತದೆ. ದೇಶ, ಜಿಲ್ಲೆ, ಊರು, ಮನೆ ಎಂದು ಅಂಚೆ ಇಳಿದು ಬರುವ ಹಾಗೆ.

ಇಷ್ಟೆಲ್ಲ ಓಡಾಟವನ್ನು ನಿಮ್ಮ ಕಂಪ್ಯೂಟರು ತಾನೇ ಮಾಡುವುದಿಲ್ಲ. ಅದು ಮನೆಯ ಮೋಡೆಮನ್ನು ಕೇಳುತ್ತದೆ. ಮೋಡೆಮ್ ನಿಮಗೆ ಇಂಟರ್‌ನೆಟ್ ಕೊಡುವ ಕಂಪನಿಯ ಡಿಎನ್‌ಎಸ್ ಸರ್ವರನ್ನು ಕೇಳುತ್ತದೆ. ಅದು ಊರೆಲ್ಲ ವಿಚಾರಿಸಿ ಉತ್ತರ ತರುತ್ತದೆ. ಪ್ರತಿ ಸಲವೂ ಕೇಳುವುದು ಬೇಡವೆಂದು ಎಲ್ಲರೂ ಆ ಉತ್ತರವನ್ನು ಸ್ವಲ್ಪ ಕಾಲ ನೆನಪಿಟ್ಟುಕೊಳ್ಳುತ್ತಾರೆ. ನೆನಪು ಹಳೆಯದಾದರೆ ತೊಂದರೆ. ನರಸಿಂಹರಾಜಪುರದ ಹಳೆಯ ಹೆಸರು ಎಡೇಹಳ್ಳಿ. ಮೈಸೂರು ಅರಸರ ಕಾಲದಲ್ಲಿ ಯುವರಾಜ ನರಸಿಂಹರಾಜ ಒಡೆಯರ್ ಅವರ ಹೆಸರನ್ನು ಊರಿಗೆ ಇಟ್ಟರು. ಹೊಸಬರೊಬ್ಬರು ಬಂದು ಎಡೇಹಳ್ಳಿಯ ಬಸ್ಸು ಯಾವುದೆಂದು ಕೇಳಿದರೆ ಎಳೆಯ ಕಂಡಕ್ಟರ್ ಹಾಗೊಂದು ಊರೇ ಇಲ್ಲ ಎನ್ನಬಹುದು. ಊರು ಎಲ್ಲಿಗೂ ಹೋಗಿಲ್ಲ, ಕೇಳಿದವರ ಬಳಿ ಇದ್ದ ಮಾಹಿತಿ ಹಳೆಯದು, ಅಷ್ಟೆ.

ಎರಡು ಸಾಲಿನ ಪರೀಕ್ಷೆ

ಪತ್ರದಲ್ಲಿ ಫೋನ್ ನಂಬರ್ ಇತ್ತು. ಒಂದು ಸಂಜೆ ಕರೆ ಮಾಡಿದೆ. ಆಗಲೂ ತೊಂದರೆ ಇತ್ತು. ಉಮ್ಮ ಫೋನ್ ಹಿಡಿದುಕೊಂಡರು, ಮಗಳು ಕೀಲಿಮಣೆಯ ಮುಂದೆ ಕುಳಿತಳು. ನಾನು ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಮೊದಲು ಮೋಡೆಮ್ ನೋಡಿ. ಫೈಬರ್ ಮೋಡೆಮ್‌ನಲ್ಲಿ ‘ಎಲ್‌ಓಎಸ್’ ಎಂಬ ದೀಪ ಕೆಂಪಾಗಿ ಉರಿಯುತ್ತಿದ್ದರೆ ತಂತಿಯೇ ಎಲ್ಲೋ ತುಂಡಾಗಿದೆ ಅಥವಾ ಸಿಗ್ನಲ್ ಬರುತ್ತಿಲ್ಲ. ಆಗ ಕಂಪ್ಯೂಟರನ್ನು ಮುಟ್ಟಬೇಡಿ, ಕಂಪನಿಗೆ ದೂರು ಕೊಡಿ. ಆ ದೀಪ ಕೆಂಪಾಗಿಲ್ಲದಿದ್ದರೆ ಮುಂದುವರಿಯಿರಿ.

ಕೀಲಿಮಣೆಯಲ್ಲಿ ವಿಂಡೋಸ್ ಗುರುತಿರುವ ಕೀಲಿ ಮತ್ತು ‘ಆರ್’ ಕೀಲಿಯನ್ನು ಒಟ್ಟಿಗೆ ಒತ್ತಿ. ಸಣ್ಣ ಪೆಟ್ಟಿಗೆಯೊಂದು ತೆರೆಯುತ್ತದೆ. ಅದರಲ್ಲಿ ಸಿ-ಎಂ-ಡಿ ಎಂಬ ಮೂರು ಇಂಗ್ಲಿಷ್ ಅಕ್ಷರ ಟೈಪ್ ಮಾಡಿ ಎಂಟರ್ ಒತ್ತಿ. ಕಪ್ಪು ಪರದೆ ಬರುತ್ತದೆ, ಹೆದರಬೇಡಿ. ಇಲ್ಲಿ ನಾವು ಯಾವುದನ್ನೂ ಅಳಿಸುವುದಿಲ್ಲ, ಕೇಳಿ ತಿಳಿಯುತ್ತೇವೆ ಅಷ್ಟೆ.

ಮೊದಲ ಸಾಲು: ಪಿ-ಐ-ಎನ್-ಜಿ, ಒಂದು ಖಾಲಿ ಜಾಗ, ನಂತರ 8.8.8.8. ಎಂಟರ್ ಒತ್ತಿ. ಇದು ಗೂಗಲ್ ಕಂಪನಿ 2009ರಿಂದ ಸಾರ್ವಜನಿಕರಿಗೆ ತೆರೆದಿಟ್ಟಿರುವ ಡಿಎನ್‌ಎಸ್ ಸರ್ವರಿನ ಸಂಖ್ಯೆ. ಇಲ್ಲಿ ಹೆಸರಿಲ್ಲ, ನೇರ ವಿಳಾಸವೇ ಇದೆ. ‘ರಿಪ್ಲೈ ಫ್ರಮ್’ ಎಂದು ನಾಲ್ಕು ಸಾಲು ಬಂದರೆ ನಿಮ್ಮ ಮನೆಯಿಂದ ಹೊರಗಿನ ಪ್ರಪಂಚಕ್ಕೆ ದಾರಿ ಸರಿಯಿದೆ.

ಎರಡನೆಯ ಸಾಲು: ಮತ್ತೆ ಪಿ-ಐ-ಎನ್-ಜಿ, ಖಾಲಿ ಜಾಗ, ನಂತರ ಗೂಗಲ್ ಡಾಟ್ ಕಾಮ್ ಎಂದು ಇಂಗ್ಲಿಷ್‌ನಲ್ಲಿ. ಈಗ ‘ಕುಡ್ ನಾಟ್ ಫೈಂಡ್ ಹೋಸ್ಟ್’ ಎಂದು ಬಂದರೆ ರೋಗ ಸಿಕ್ಕಿತು. ದಾರಿ ಇದೆ, ಹೆಸರಿನ ವಿಳಾಸ ಮಾತ್ರ ಸಿಗುತ್ತಿಲ್ಲ.

ಮೊದಲನೆಯದಕ್ಕೂ ಉತ್ತರ ಬರದೆ ‘ರಿಕ್ವೆಸ್ಟ್ ಟೈಮ್ಡ್ ಔಟ್’ ಎಂದರೆ ಸಾಮಾನ್ಯವಾಗಿ ಸಂಪರ್ಕವೇ ಇಲ್ಲ. ಆಗ ತಂತಿ, ವೈಫೈ, ಮೋಡೆಮ್ ಕಡೆ ಗಮನ ಕೊಡಿ.

ಆ ಮಗಳು ಎರಡೂ ಸಾಲು ಟೈಪ್ ಮಾಡಿ ಓದಿ ಹೇಳಿದಳು. ಸಂಖ್ಯೆಗೆ ಉತ್ತರ ಬಂತು, ಹೆಸರಿಗೆ ಬರಲಿಲ್ಲ. ಅಂಗಡಿಯಲ್ಲಿ ಚೆನ್ನಾಗಿ ನಡೆದದ್ದು ಮನೆಯಲ್ಲಿ ಏಕೆ ನಿಂತಿತು ಎಂಬುದು ಈಗ ಗೊತ್ತಾಯಿತಲ್ಲ? ಅಂಗಡಿಯ ಸಂಪರ್ಕ ಬೇರೆ, ಅದರ ಡಿಎನ್‌ಎಸ್ ಸರ್ವರ್ ಬೇರೆ. ಫಾರ್ಮ್ಯಾಟ್ ಮಾಡಿದ್ದರಿಂದ ಸರಿಹೋಯಿತು ಎಂದು ಅವರು ತಿಳಿದರು. ಫಾರ್ಮ್ಯಾಟ್ ಮಾಡದಿದ್ದರೂ ಅಲ್ಲಿ ನಡೆಯುತ್ತಿತ್ತು.

ಸರಿಪಡಿಸುವ ಕ್ರಮ

ಸುಲಭದ್ದರಿಂದ ಕಷ್ಟದ್ದಕ್ಕೆ ಹೋಗಿ. ಒಂದೊಂದು ಹೆಜ್ಜೆಯ ನಂತರವೂ ಜಾಲತಾಣ ತೆರೆದು ನೋಡಿ.

ಒಂದು, ಹೆಸರಿನ ಕಾಗುಣಿತ ನೋಡಿ. ಸಂದೇಶದಲ್ಲಿ ‘ಎನ್‌ಎಕ್ಸ್‌ಡೊಮೈನ್’ ಎಂದಿದ್ದು, ಅದು ಒಂದೇ ಜಾಲತಾಣಕ್ಕೆ ಬರುತ್ತಿದ್ದರೆ, ‘ಇಂಥ ಹೆಸರೇ ಇಲ್ಲ’ ಎಂದು ಸರ್ವರ್ ಹೇಳಿದೆ ಎಂದರ್ಥ. ಒಂದು ಅಕ್ಷರ ತಪ್ಪಿದರೂ ಹೀಗಾಗುತ್ತದೆ. ಎಲ್ಲ ಜಾಲತಾಣಗಳಿಗೂ ತೊಂದರೆ ಇದ್ದರೆ ಮಾತ್ರ ಮುಂದಿನ ಹೆಜ್ಜೆ.

ಎರಡು, ಮೊಬೈಲಿನಲ್ಲಿ ನೋಡಿ. ಆದರೆ ಮೊಬೈಲ್ ಡೇಟಾ ಆಫ್ ಮಾಡಿ ಮನೆಯ ವೈಫೈಯಲ್ಲೇ ನೋಡಬೇಕು. ಅಲ್ಲೂ ತೆರೆಯದಿದ್ದರೆ ದೋಷ ಮೋಡೆಮ್‌ನಲ್ಲಿ ಅಥವಾ ಅದರಾಚೆ ಇದೆ. ಅಲ್ಲಿ ತೆರೆದರೆ ದೋಷ ಕಂಪ್ಯೂಟರಿನ ಹೊಂದಾಣಿಕೆಯಲ್ಲಿದೆ.

ಮೂರು, ಮೋಡೆಮ್‌ನ ಸ್ವಿಚ್ ಆರಿಸಿ, ಒಂದು ನಿಮಿಷ ಬಿಟ್ಟು ಹಾಕಿ. ಕರೆಂಟು ಹೋಗಿ ಬಂದಾಗ ಮೋಡೆಮ್ ಅರೆಬರೆ ಎದ್ದಿರುವುದುಂಟು. ಕಂಪ್ಯೂಟರನ್ನು ‘ಶಟ್‌ಡೌನ್’ ಮಾಡಿ ಹಾಕುವ ಬದಲು ‘ರೀಸ್ಟಾರ್ಟ್’ ಮಾಡಿ. ವಿಂಡೋಸ್ 10 ಮತ್ತು 11ರಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಎಂಬ ಸೌಲಭ್ಯ ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ತನ್ನ ಒಂದು ಭಾಗವನ್ನು ಹಾಗೇ ಉಳಿಸಿಕೊಂಡಿರುತ್ತದೆ. ರೀಸ್ಟಾರ್ಟ್ ಮಾಡಿದಾಗ ಎಲ್ಲವೂ ಹೊಸದಾಗಿ ಶುರುವಾಗುತ್ತದೆ.

ನಾಲ್ಕು, ಹಳೆಯ ನೆನಪನ್ನು ಅಳಿಸಿ. ಅದೇ ಕಪ್ಪು ಪರದೆಯಲ್ಲಿ ಐ-ಪಿ-ಸಿ-ಓ-ಎನ್-ಎಫ್-ಐ-ಜಿ, ಒಂದು ಖಾಲಿ ಜಾಗ, ಪ್ರಶ್ನಾರ್ಥಕ ಚಿಹ್ನೆಯ ಕೀಲಿಯಲ್ಲಿರುವ ಓರೆಗೆರೆ, ಅದಕ್ಕೆ ಅಂಟಿಕೊಂಡೇ ಎಫ್-ಎಲ್-ಯು-ಎಸ್-ಎಚ್-ಡಿ-ಎನ್-ಎಸ್ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ‘ಸಕ್ಸೆಸ್‌ಫುಲಿ ಫ್ಲಶ್ಡ್’ ಎಂದು ಬಂದರೆ ಕಂಪ್ಯೂಟರು ನೆನಪಿಟ್ಟುಕೊಂಡಿದ್ದ ಹಳೆಯ ವಿಳಾಸಗಳೆಲ್ಲ ಹೋದವು. ನಿಮ್ಮ ಫೋಟೊ, ಕಡತ, ಪಾಸ್‌ವರ್ಡ್ ಯಾವುದಕ್ಕೂ ಇದರಿಂದ ಹಾನಿಯಿಲ್ಲ.

ಐದು, ವಿಳಾಸ ಕೇಳುವ ಸರ್ವರನ್ನೇ ಬದಲಿಸಿ. ವಿಂಡೋಸ್ ಕೀಲಿ ಮತ್ತು ‘ಆರ್’ ಒತ್ತಿ, ಎನ್-ಸಿ-ಪಿ-ಎ, ಚುಕ್ಕೆ, ಸಿ-ಪಿ-ಎಲ್ ಎಂದು ಟೈಪ್ ಮಾಡಿ. ನೀವು ಬಳಸುವ ವೈಫೈ ಅಥವಾ ಈಥರ್ನೆಟ್ ಚಿತ್ರದ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’ ಆರಿಸಿ. ಪಟ್ಟಿಯಲ್ಲಿ ‘ಇಂಟರ್‌ನೆಟ್ ಪ್ರೋಟೊಕಾಲ್ ವರ್ಷನ್ 4’ ಎಂಬುದರ ಮೇಲೆ ಎರಡು ಸಲ ಕ್ಲಿಕ್ ಮಾಡಿ. ಕೆಳಭಾಗದಲ್ಲಿ ಡಿಎನ್‌ಎಸ್ ಸರ್ವರ್ ವಿಳಾಸದ ಜಾಗವಿದೆ. ಅಲ್ಲಿ ಮೊದಲೇ ಏನಾದರೂ ಸಂಖ್ಯೆ ಇದ್ದರೆ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ನಂತರ ಮೇಲಿನ ಸಾಲಿನಲ್ಲಿ 8.8.8.8, ಕೆಳಗಿನ ಸಾಲಿನಲ್ಲಿ 1.1.1.1 ಎಂದು ತುಂಬಿ ‘ಓಕೆ’ ಒತ್ತಿ. ಎರಡನೆಯದು ಕ್ಲೌಡ್‌ಫ್ಲೇರ್ ಎಂಬ ಕಂಪನಿ 2018ರಲ್ಲಿ ಆರಂಭಿಸಿದ ಸಾರ್ವಜನಿಕ ಸರ್ವರ್. ಎರಡೂ ಉಚಿತ. ಒಂದು ಮಾತು ನೆನಪಿರಲಿ: ನೀವು ಯಾವ ಸರ್ವರನ್ನು ಕೇಳುತ್ತೀರೋ ಅದನ್ನು ನಡೆಸುವವರಿಗೆ ನೀವು ವಿಚಾರಿಸಿದ ಹೆಸರುಗಳು ಗೊತ್ತಾಗುತ್ತವೆ. ಇಂಟರ್‌ನೆಟ್ ಕಂಪನಿಯ ಸರ್ವರ್ ಆದರೂ ಅಷ್ಟೆ.

ನರಸಿಂಹರಾಜಪುರದ ಆ ಮನೆಯಲ್ಲಿ ಐದನೆಯ ಹೆಜ್ಜೆಗೆ ಎಲ್ಲವೂ ತೆರೆದುಕೊಂಡವು. ಅವರ ಸಂಪರ್ಕಕ್ಕೆ ಸಿಕ್ಕಿದ್ದ ಡಿಎನ್‌ಎಸ್ ಸರ್ವರ್ ಆಗಾಗ ಉತ್ತರ ಕೊಡದೆ ಸುಮ್ಮನಾಗುತ್ತಿತ್ತು. ತೊಂದರೆ ಇದ್ದದ್ದು ಅಲ್ಲಿ.

ಇಷ್ಟಕ್ಕೂ ಸರಿಹೋಗದಿದ್ದರೆ ಇನ್ನೆರಡು ಕಡೆ ನೋಡಬಹುದು. ವಿಪಿಎನ್ ಅಥವಾ ಹಳೆಯ ಆಂಟಿವೈರಸ್ ತಂತ್ರಾಂಶಗಳು ತಮ್ಮದೇ ಡಿಎನ್‌ಎಸ್ ಹೊಂದಾಣಿಕೆ ಮಾಡಿಟ್ಟು, ಕೆಲಸ ನಿಂತ ಮೇಲೂ ಅದನ್ನು ಬಿಟ್ಟುಹೋಗುವುದುಂಟು. ಎರಡನೆಯದು, ವಿಂಡೋಸ್‌ನಲ್ಲಿ ‘ಹೋಸ್ಟ್ಸ್’ ಎಂಬ ಸಣ್ಣ ಕಡತವಿದೆ. ಹಿಂದೆ ಹೇಳಿದೆನಲ್ಲ, ಫೈನ್ಲರ್ ಅವರ ತಂಡದ ಆ ಒಂದೇ ಕಡತ, ಅದರ ಸಂತತಿ ಇದು. ಇದರಲ್ಲಿ ಬರೆದದ್ದನ್ನು ಕಂಪ್ಯೂಟರು ಡಿಎನ್‌ಎಸ್‌ಗಿಂತ ಮೊದಲು ನಂಬುತ್ತದೆ. ಗೊತ್ತಿಲ್ಲದ ಸಾಲುಗಳಿದ್ದರೆ ತಿಳಿದವರಿಗೆ ತೋರಿಸಿ.

ಕಂಪ್ಯೂಟರಿನ ತಾರೀಕು, ಸಮಯ ತಪ್ಪಾಗಿದ್ದರೂ ಜಾಲತಾಣಗಳು ತೆರೆಯುವುದಿಲ್ಲ. ಆದರೆ ಆಗ ಬರುವ ಸಂದೇಶ ಬೇರೆ, ಗಡಿಯಾರದ ಅಥವಾ ಸುರಕ್ಷತೆಯ ಮಾತು ಅದರಲ್ಲಿರುತ್ತದೆ. ಹಳೆಯ ಕಂಪ್ಯೂಟರುಗಳಲ್ಲಿ ಒಳಗಿನ ಸಣ್ಣ ಬ್ಯಾಟರಿ ಸತ್ತಾಗ ಹೀಗಾಗುತ್ತದೆ. ಅದಕ್ಕೂ ಫಾರ್ಮ್ಯಾಟ್ ಬೇಕಾಗಿಲ್ಲ.

ತಪ್ಪು ಮನೆಗೆ ಕರೆದೊಯ್ಯುವವರು

ವಿಳಾಸ ಸಿಗದಿರುವುದಕ್ಕಿಂತ ಕೆಟ್ಟದ್ದು ತಪ್ಪು ವಿಳಾಸ ಸಿಗುವುದು. ಬ್ಯಾಂಕಿನ ಹೆಸರು ಕೇಳಿದಾಗ ಯಾರೋ ಕಳ್ಳನ ಮನೆಯ ಸಂಖ್ಯೆ ಕೊಟ್ಟರೆ? ಇದು ಕಟ್ಟುಕಥೆಯಲ್ಲ. ಡಿಎನ್‌ಎಸ್ ಚೇಂಜರ್ ಎಂಬ ದುಷ್ಟ ತಂತ್ರಾಂಶವೊಂದು ಸುಮಾರು 40 ಲಕ್ಷ ಕಂಪ್ಯೂಟರುಗಳ ಡಿಎನ್‌ಎಸ್ ಹೊಂದಾಣಿಕೆಯನ್ನು ಗುಟ್ಟಾಗಿ ಬದಲಿಸಿತ್ತು. 2011ರ ನವೆಂಬರಿನಲ್ಲಿ ಅಮೆರಿಕದ ಎಫ್‌ಬಿಐ ಅದರ ಹಿಂದಿನ ಜಾಲವನ್ನು ಭೇದಿಸಿತು. ಆ ಕಳ್ಳ ಸರ್ವರುಗಳನ್ನು ಒಮ್ಮೆಲೇ ನಿಲ್ಲಿಸಿದರೆ ಲಕ್ಷಾಂತರ ಮನೆಗಳಲ್ಲಿ ಇಂಟರ್‌ನೆಟ್ ನಿಲ್ಲುತ್ತಿತ್ತು. ಅದಕ್ಕಾಗಿ ಅವುಗಳ ಜಾಗದಲ್ಲಿ ಒಳ್ಳೆಯ ಸರ್ವರುಗಳನ್ನಿಟ್ಟು 2012ರ ಜುಲೈ 9ರವರೆಗೆ ನಡೆಸಬೇಕಾಯಿತು.

ಆದ್ದರಿಂದ ಡಿಎನ್‌ಎಸ್ ಜಾಗದಲ್ಲಿ ನೀವು ಹಾಕದ, ಕಂಪನಿಯವರೂ ಹಾಕದ ಸಂಖ್ಯೆ ಕಂಡರೆ ಎಚ್ಚರವಾಗಿರಿ. ಮೋಡೆಮ್‌ಗೆ ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಬದಲಿಸಿಕೊಳ್ಳಿ. ಬ್ಯಾಂಕಿನ ಪುಟದಲ್ಲಿ ಬ್ರೌಸರ್ ಸುರಕ್ಷತೆಯ ಎಚ್ಚರಿಕೆ ಕೊಟ್ಟರೆ ಅದನ್ನು ದಾಟಿ ಮುಂದೆ ಹೋಗಬೇಡಿ.

ಕೆಲವೊಮ್ಮೆ ತಪ್ಪು ನಮ್ಮದಲ್ಲ

2021ರ ಅಕ್ಟೋಬರ್ 4ರ ರಾತ್ರಿ ನಿಮಗೆ ನೆನಪಿರಬಹುದು. ಒಂಬತ್ತು ಗಂಟೆಯ ಹೊತ್ತಿಗೆ ವಾಟ್ಸ್ಆ್ಯಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಮೂರೂ ನಿಂತವು. ಗಲ್ಫ್‌ನಲ್ಲಿರುವವರ ಕರೆಗಾಗಿ ಕಾದು ಕುಳಿತ ಎಷ್ಟೋ ಮನೆಗಳಲ್ಲಿ ಆತಂಕ. ಮೊಬೈಲನ್ನು ಆರಿಸಿ ಹಾಕಿದವರೆಷ್ಟೋ. ಆಗಿದ್ದೇನೆಂದರೆ, ಆ ಕಂಪನಿಯ ಒಳಗಿನ ದುರಸ್ತಿ ಕೆಲಸದ ಒಂದು ತಪ್ಪಿನಿಂದ ಅವರದೇ ಡಿಎನ್‌ಎಸ್ ಸರ್ವರುಗಳಿಗೆ ಹೋಗುವ ದಾರಿ ಹೊರಜಗತ್ತಿಗೆ ಕಾಣದಂತಾಯಿತು. ಸರಿಯಾಗಲು ಸುಮಾರು ಆರು ಗಂಟೆ ಹಿಡಿಯಿತು. 2025ರ ಅಕ್ಟೋಬರ್ 20ರಂದು ಅಮೆಜಾನ್ ಕಂಪನಿಯ ಅಮೆರಿಕದ ಕೇಂದ್ರಗಳಲ್ಲಿ ಒಂದು ಡಿಎನ್‌ಎಸ್ ದಾಖಲೆ ಖಾಲಿಯಾಗಿ, ಅದನ್ನು ನೆಚ್ಚಿಕೊಂಡಿದ್ದ ನೂರಾರು ಸೇವೆಗಳು ನಿಂತವು. ಅಂಥ ದೊಡ್ಡ ಕಂಪನಿಗಳಿಗೇ ಹೀಗಾಗುವಾಗ ನಮ್ಮ ಮನೆಯ ಕಂಪ್ಯೂಟರಿನ ಮೇಲೆ ಮೊದಲೇ ಆರೋಪ ಹೊರಿಸುವುದು ಸರಿಯಲ್ಲ. ಒಂದೆರಡು ಜಾಲತಾಣ ಮಾತ್ರ ತೆರೆಯದಿದ್ದರೆ, ಉಳಿದವು ಸರಿಯಿದ್ದರೆ, ಸ್ವಲ್ಪ ಹೊತ್ತು ಕಾಯಿರಿ.

ಇನ್ನು ಹೋದ ಧ್ವನಿಯ ವಿಷಯ. ಫಾರ್ಮ್ಯಾಟ್ ಮಾಡಿದ ಹಾರ್ಡ್‌ಡಿಸ್ಕಿನಿಂದ ಕೆಲವೊಮ್ಮೆ ಕಡತಗಳನ್ನು ಮರಳಿ ಪಡೆಯಬಹುದು. ಅದರ ಮೇಲೆ ಹೊಸದಾಗಿ ಬರೆದಷ್ಟೂ ಆ ಸಾಧ್ಯತೆ ಕಡಿಮೆಯಾಗುತ್ತದೆ. ಅಂಗಡಿಯವರು ಅದೇ ಡಿಸ್ಕಿಗೆ ವಿಂಡೋಸ್ ಹಾಕಿದ್ದಾರೆ, ಅದಾದ ಮೇಲೆ ಇವರು ಎರಡು ತಿಂಗಳು ಬಳಸಿದ್ದಾರೆ. ಇನ್ನು ಮುಂದೆ ಆ ಡಿಸ್ಕನ್ನು ಬಳಸಬೇಡಿ, ಬಿಚ್ಚಿಸಿ ತೆಗೆದಿಡಿ, ದತ್ತಾಂಶ ಮರಳಿ ಪಡೆಯುವ ಕೆಲಸ ಬಲ್ಲವರಿಗೆ ತೋರಿಸಿ ಎಂದಿದ್ದೇನೆ. ಸಿಕ್ಕೇ ಸಿಗುತ್ತದೆ ಎಂದು ನಾನು ಹೇಳಲಿಲ್ಲ. “ಸಿಕ್ಕಿದರೂ ಸಿಗದಿದ್ದರೂ ಇವತ್ತು ರಾತ್ರಿ ಅವರಿಗೆ ಹೇಳಿಬಿಡುತ್ತೇನೆ” ಎಂದರು ಅವರು.

ನಿಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಯಾರಾದರೂ ‘ಫಾರ್ಮ್ಯಾಟ್ ಮಾಡಬೇಕು’ ಎಂದರೆ ಎರಡು ಪ್ರಶ್ನೆ ಕೇಳಿ: ಸಂಖ್ಯೆಗೆ ಪಿಂಗ್ ಮಾಡಿ ನೋಡಿದಿರಾ? ನನ್ನ ಫೋಟೊ, ಕಡತಗಳನ್ನು ಮೊದಲು ಬೇರೆ ಡಿಸ್ಕಿಗೆ ತೆಗೆದಿಟ್ಟುಕೊಡುತ್ತೀರಾ? ಮೇಲಿನ ಎರಡು ಸಾಲಿನ ಪರೀಕ್ಷೆಯನ್ನೂ, ಐದು ಹೆಜ್ಜೆಗಳನ್ನೂ ಒಂದು ಕಾಗದದಲ್ಲಿ ಬರೆದು, ಜೊತೆಗೆ ನಿಮ್ಮ ಇಂಟರ್‌ನೆಟ್ ಕಂಪನಿಯ ದೂರು ಸಂಖ್ಯೆಯನ್ನೂ ಸೇರಿಸಿ ಮೋಡೆಮ್ ಇರುವ ಗೋಡೆಗೆ ಅಂಟಿಸಿ. ಇಂಟರ್‌ನೆಟ್ ನಿಂತಾಗ ಅದನ್ನು ಇಂಟರ್‌ನೆಟ್‌ನಲ್ಲಿ ಹುಡುಕಲು ಆಗುವುದಿಲ್ಲವಲ್ಲ.

ಬರುವ ತಿಂಗಳು ಮನೆಯ ಫೋಟೊ ಮತ್ತು ಧ್ವನಿಗಳನ್ನು ಎರಡು ಕಡೆ ಜೋಪಾನವಾಗಿಡುವ ಬಗೆ ತಿಳಿಯೋಣ. ಅಲ್ಲಿಯವರೆಗೆ ಕಾಯಬೇಡಿ. ನಿಮ್ಮ ಮನೆಯ ಹಿರಿಯರ ಧ್ವನಿ ಒಂದೇ ಕಂಪ್ಯೂಟರಿನಲ್ಲಿ ಇದ್ದರೆ ಇಂದೇ ಒಂದು ಪೆನ್‌ಡ್ರೈವ್‌ಗೆ ನಕಲು ಮಾಡಿಡಿ.